ತಂತಿಯೇ ಹೊತ್ತ ರಸ್ತೆ: ಅಂಬಾಸಡರ್ ಸೇತುವೆಯ ಮಾದರಿ ಕಟ್ಟಿದ ನನ್ನ ಅನುಭವ

1:400 ಪ್ರಮಾಣದ ತೂಗುಸೇತುವೆಯ ಮಾದರಿಯಲ್ಲಿ ರಸ್ತೆಯ ಭಾರವನ್ನು ನಿಜವಾಗಿ ಕೇಬಲಿನ ಮೇಲೆಯೇ ಬಿಡುವುದು ಆಗದ ಮಾತು, ರಸ್ತೆಯನ್ನು ಗೋಪುರಗಳಿಗೆ ಅಂಟಿಸಿ ತಂತಿಯನ್ನು ತೋರಿಕೆಗೆ ಕಟ್ಟಿಬಿಡಿ ಎಂದು ಬೆಂಗಳೂರಿನ ಮಾದರಿಕಾರ ಗೆಳೆಯರು ಎರಡು ವರ್ಷ ಹೇಳುತ್ತಲೇ ಬಂದರು. ಬಸವನಗುಡಿಯ ನಮ್ಮ ನಡುಮನೆಯಲ್ಲಿ ಈಗ ನಿಂತಿರುವ ಸೇತುವೆಯ ರಸ್ತೆಗೂ ಗೋಪುರಕ್ಕೂ ನಡುವೆ ಒಂದು ಹನಿ ಅಂಟೂ ಇಲ್ಲ. ಎಂಟು ತಿಂಗಳಾದರೂ ಅದು ಜಗ್ಗಿಲ್ಲ.

ಅಮೆರಿಕದ ಡೆಟ್ರಾಯಿಟ್ ಮತ್ತು ಕೆನಡಾದ ವಿಂಡ್ಸರ್ ನಡುವೆ ಗಡಿನದಿಯನ್ನು ದಾಟುವ ಅಂಬಾಸಡರ್ ಸೇತುವೆ 1929ರ ನವೆಂಬರಿನಲ್ಲಿ ತೆರೆದಾಗ, ಎರಡು ಗೋಪುರಗಳ ನಡುವಿನ ಅದರ 564 ಮೀಟರ್ ಮುಖ್ಯ ಅಂಕಣ ಜಗತ್ತಿನಲ್ಲೇ ಅತಿ ಉದ್ದದ್ದಾಗಿತ್ತು. ನನ್ನ ಮಾದರಿಯಲ್ಲಿ ಅದು 141 ಸೆಂಟಿಮೀಟರ್. ಗೋಪುರಗಳು ಮೂವತ್ತಕ್ಕೆ ತುಸು ಕಡಿಮೆ.

ಮೊದಲು ಎಸ್.ಪಿ. ರಸ್ತೆಯಿಂದ ತಂದ ಕಟ್ಟುತಂತಿ ಒಂದೇ ವಾರದಲ್ಲಿ ಹಿಗ್ಗಿತು. ನೈಲಾನ್ ದಾರ ಬೇಸಿಗೆಯಲ್ಲಿ ಚೆನ್ನಾಗಿಯೇ ನಿಂತಿತ್ತು, ಆದರೆ ಜುಲೈನ ಮಳೆಗಾಲದ ತೇವಕ್ಕೆ ರಸ್ತೆಯ ನಡುಭಾಗ ಬೆರಳಗಲ ಕೆಳಗಿಳಿಯಿತು. ಕೊನೆಗೆ ಬಳೇಪೇಟೆಯ ವಾದ್ಯದಂಗಡಿಯಲ್ಲಿ ವೀಣೆಯ ಉಕ್ಕಿನ ತಂತಿ ಕೊಂಡೆ. ಸುರುಳಿಯ ಬಾಗು ಹೋಗಲೆಂದು ಅದನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ದೇ ದೊಡ್ಡ ತಪ್ಪಾಯಿತು: ಗೋಪುರದ ತಲೆಯ ಬಳಿ ಬಗ್ಗಿಸಿದ ಕೂಡಲೇ ಕಡ್ಡಿಯಂತೆ ಟಪ್ಪೆಂದು ಮುರಿಯಿತು. ಮೂಲ ಸೇತುವೆಗೂ ಮೊದಲು ಶಾಖ ಸಂಸ್ಕರಿಸಿದ ತಂತಿಯನ್ನೇ ಹಾಕಿದ್ದರು. ರೋಡ್ ಐಲೆಂಡಿನ ಮೌಂಟ್ ಹೋಪ್ ಸೇತುವೆಯಲ್ಲಿ ಅಂಥದೇ ತಂತಿಗಳು ತುಂಡಾದದ್ದು ಕಂಡ ಮೇಲೆ, ಅದೇ 1929ರಲ್ಲಿ, ಎಲ್ಲವನ್ನೂ ಬಿಚ್ಚಿ, ತಣ್ಣಗಿರುವಾಗಲೇ ಎಳೆದು ತಯಾರಿಸಿದ ತಂತಿಯನ್ನು ಹಾಕಿದರು. ನಾನೂ ಹೊಸ ತಂತಿ ತಂದೆ, ಕಾಯಿಸಲಿಲ್ಲ. ಬಾಗನ್ನು ತೆಗೆದ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಟ್ಟು ಹದಿನಾಲ್ಕು ಸಾವಿರದಷ್ಟು ಖರ್ಚಾಗಿರಬೇಕು, ಅದರಲ್ಲಿ ಆರು ಸಾವಿರ ಈ ಸೋಲುಗಳಿಗೇ ಹೋಯಿತು.

ಈ ಸೇತುವೆಯ ಬದಿಯ ಅಂಕಣಗಳು ಕೇಬಲಿನಿಂದ ತೂಗುವುದಿಲ್ಲ. ಹಾಗಾಗಿ ಗೋಪುರದಿಂದ ದಡಕ್ಕೆ ಇಳಿಯುವ ಕೇಬಲ್ ಕೋಲಿನಂತೆ ನೇರವಾಗಿದೆ, ಭಾರವೆಲ್ಲ ನದಿಯ ಕಡೆಗೇ ಬೀಳುತ್ತದೆ. ನನ್ನ ಗೋಪುರಗಳು ಎರಡು ಬಾರಿ ಒಳಕ್ಕೆ ವಾಲಿದವು. ಮೂರನೆಯ ಬಾರಿ, ರಸ್ತೆ ತೂಗಿಸುವ ಮೊದಲೇ ಗೋಪುರಗಳ ತಲೆಯನ್ನು ಸುಮಾರು ಮೂರು ಮಿಲಿಮೀಟರಿನಷ್ಟು ದಡದ ಕಡೆಗೆ ಎಳೆದು ಕಟ್ಟಿದೆ. ರಸ್ತೆಯ ತುಂಡುಗಳ ಬದಲು ಅಷ್ಟೇ ತೂಕದ ರಾಗಿಯನ್ನು ಪುಟ್ಟ ಪೊಟ್ಟಣಗಳಲ್ಲಿ ತುಂಬಿ, ನಡುವಿನಿಂದ ಎರಡೂ ಕಡೆಗೆ ಸಮನಾಗಿ ತೂಗುಹಾಕುತ್ತ ಹೋದೆ. ಕೊನೆಯ ಪೊಟ್ಟಣದ ಹೊತ್ತಿಗೆ ಗೋಪುರಗಳು ತೂಗುಗುಂಡಿನ ದಾರಕ್ಕೆ ಸರಿಯಾಗಿ ನೆಟ್ಟಗೆ ನಿಂತವು. ಆಮೇಲೆ ಒಂದೊಂದೇ ಪೊಟ್ಟಣ ತೆಗೆದು, ಅದರ ಜಾಗಕ್ಕೆ ಹಿತ್ತಾಳೆಯ ತುಂಡನ್ನು ಸಿಕ್ಕಿಸಿದೆ. ದಾರ ಕದಲಲಿಲ್ಲ.

ನಡುವೆ ಒಂದು ಸಂಜೆ ರಾಗಿಯ ಬದಲು ಸಾಸಿವೆ ತುಂಬಿ ನೋಡಿದೆ; ಕಾಳು ಸಣ್ಣ ತೂತಿನಿಂದಲೂ ಜಾರುತ್ತಿತ್ತು, ಕೈಬಿಟ್ಟೆ. ಟೇಬಲ್ ಫ್ಯಾನಿನ ಗಾಳಿಗೂ ಒಡ್ಡಿದೆ: ರಾಗಿ ತೂಗುವಾಗ ತೊಟ್ಟಿಲಿನಂತೆ ಆಡಿದ ಸೇತುವೆ, ಹಿತ್ತಾಳೆಯ ತುಂಡುಗಳು ಒಂದಕ್ಕೊಂದು ಬೆಸೆದ ಮೇಲೆ ಅಲುಗಲಿಲ್ಲ.

ನದಿಯ ನಡುವೆ ಎರಡು ದೇಶಗಳು ಸೇರುವ ಕಡೆ, ಬೇಕೆಂದೇ ನಾಲ್ಕು ಮಿಲಿಮೀಟರ್ ತೆರಪು ಬಿಟ್ಟಿದ್ದೆ. ಅಲ್ಲಿಗೆ ಕೊನೆಯ ತುಂಡನ್ನು ಅರದಿಂದ ಉಜ್ಜಿ ಕೂರಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಮೊದಲು ಅನುಮಾನಿಸಿದ್ದ ಗೆಳೆಯರೊಬ್ಬರೇ ಬಂದು, ರಸ್ತೆಯ ಕೆಳಗೆ ಕಾಗದವೊಂದನ್ನು ಈ ಗೋಪುರದಿಂದ ಆ ಗೋಪುರದವರೆಗೆ ಎಲ್ಲೂ ತಾಗಿಸದೆ ಎಳೆದು ನೋಡಿದರು.