ಮಳೆಗಾಲದಲ್ಲಿ ನಾಯಿಗೆ ಒದ್ದೆ ಹುಣ್ಣು: ಮನೆಯಲ್ಲಿ ಏನು ಮಾಡಬೇಕು, ಏನು ಬೇಡ

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ತಂಡಿಯಲ್ಲಿ ದಟ್ಟ ಕೂದಲಿನ ನಾಯಿಗಳ ಮೈ ಬುಡದವರೆಗೆ ಒಣಗುವುದೇ ಕಷ್ಟ. ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್‌ಗಳಲ್ಲಿ ಬೆಳಿಗ್ಗೆ ಕಾಣದ ಹುಣ್ಣು ಸಂಜೆಗೆ ಅಂಗೈಯಗಲ ಆಗಿರುತ್ತದೆ: ಕೆಂಪಗೆ, ಜಿಗುಟಾಗಿ, ಕೂದಲು ಅಂಟಿಕೊಂಡು, ವಾಸನೆ ಹೊಡೆಯುತ್ತಾ. ವೈದ್ಯರು ಇದಕ್ಕೆ ಹಾಟ್ ಸ್ಪಾಟ್ ಎನ್ನುತ್ತಾರೆ. ನೆಕ್ಕಿದಷ್ಟೂ ಕೆರೆದಷ್ಟೂ ಹರಡುತ್ತದೆ.

ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಬೇಡಿ. ಎಣ್ಣೆಯ ಕೆಳಗೆ ತೇವ ಉಳಿದು ಕೀವಾಗುತ್ತದೆ, ನಾಯಿ ಇನ್ನಷ್ಟು ನೆಕ್ಕುತ್ತದೆ. ಈ ಹುಣ್ಣಿಗೆ ಬೇಕಿರುವುದು ಗಾಳಿ.

ಮೊದಲು ಟ್ರಿಮ್ಮರ್‌ನಿಂದ ಹುಣ್ಣಿನ ಅಂಚು ದಾಟಿ ಒಂದು ಇಂಚಿನವರೆಗೆ ಕೂದಲು ತೆಗೆಯಿರಿ. ಕತ್ತರಿ ಬೇಡ, ಅಂಟಿದ ಕೂದಲಿನ ಜೊತೆ ಚರ್ಮವೂ ಸಿಕ್ಕಿಬಿಡುತ್ತದೆ. ನೋವಿಗೆ ಕಚ್ಚಲು ಬಂದರೆ ಬಲವಂತ ಮಾಡದೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಮೆಡಿಕಲ್ ಶಾಪಿನ 5% ಪೊವಿಡೋನ್ ಐಯೋಡಿನ್ ದ್ರಾವಣ 1 ಚಮಚಕ್ಕೆ ಕಾಯಿಸಿ ಆರಿಸಿದ ನೀರು 10 ಚಮಚ ಬೆರೆಸಿ. ಸೋಪು ಸೇರಿದ 'ಸ್ಕ್ರಬ್' ತರಬೇಡಿ. ಹತ್ತಿಯ ಎಳೆ ಹುಣ್ಣಿಗೆ ಅಂಟುವುದರಿಂದ ಗಾಜ್ ಬಟ್ಟೆ ಅದ್ದಿ ಐದು ನಿಮಿಷ ಒತ್ತಿ ಹಿಡಿಯಿರಿ. ಹಕ್ಕಳೆ ಮೆತ್ತಗಾಗಿ ತಾನೇ ಬಿಡುತ್ತದೆ, ಉಜ್ಜಿ ಕೀಳಬೇಡಿ. ಆಮೇಲೆ ಒಣ ಗಾಜ್‌ನಿಂದ ಒತ್ತಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಿ. ಮುಚ್ಚಿ ಕಟ್ಟಬೇಡಿ. ದಿನಕ್ಕೆರಡು ಸಲ ಹೀಗೆ ಮಾಡಿದರೆ ಎರಡು ದಿನದಲ್ಲಿ ಒಸರುವುದು ನಿಲ್ಲಬೇಕು.

ನೆಕ್ಕದಂತೆ ತಡೆಯುವ ಕೋನ್ (ಆಲಿಕೆಯಾಕಾರದ ಕೊರಳಪಟ್ಟಿ) ಹಾಕದಿದ್ದರೆ ಇಷ್ಟೂ ಶ್ರಮ ವ್ಯರ್ಥ. ಅದು ಮೂತಿಯ ತುದಿಗಿಂತ ಎರಡು ಇಂಚು ಮುಂದಿರಲಿ. ಪಾಪ ಅನಿಸಿ ರಾತ್ರಿ ತೆಗೆದರೆ ಬೆಳಗಾಗುವಷ್ಟರಲ್ಲಿ ಮತ್ತೆ ಹಸಿ ಹುಣ್ಣು.

ಫಿನಾಯಿಲ್, ಟೀ ಟ್ರೀ ಎಣ್ಣೆ, ಜಿಂಕ್ ಮುಲಾಮು ಹತ್ತಿರಕ್ಕೂ ತರಬೇಡಿ, ನೆಕ್ಕಿದರೆ ವಿಷ. ಮನುಷ್ಯರ ಹುಳುಕಡ್ಡಿಗೆಂದು ಮಾರುವ ಹಲವು ಕ್ರೀಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಅದು ತುರಿಕೆಯನ್ನು ಅಡಗಿಸಿ ಸೋಂಕನ್ನು ಬೆಳೆಸುತ್ತದೆ.

ಹುಣ್ಣು ಒಣಗುತ್ತಿರುವಾಗಲೇ ಕಾರಣ ಹುಡುಕಿ. ಕೆನ್ನೆಯ ಮೇಲಿದ್ದರೆ ಕಿವಿ ಮೂಸಿ ನೋಡಿ, ಕಿವಿಯ ಸೋಂಕಿಗೆ ಕೆರೆದುಕೊಂಡಿರಬಹುದು. ಬಾಲದ ಬುಡದಲ್ಲಿದ್ದರೆ ಚಿಗಟದ ಅನುಮಾನ: ಅಲ್ಲಿಯ ಕಪ್ಪು ಪುಡಿಯನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಉದುರಿಸಿ, ಸುತ್ತ ಕೆಂಗಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ರಕ್ತ ಹೀರುವ ಉಣ್ಣೆ ಹುಳು ಕಂಡರೆ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಸುಡುವುದು, ಸೀಮೆಎಣ್ಣೆ ಹಾಕುವುದು ಬೇಡ. ಉಣ್ಣೆಗಳು ಗೋಡೆಯ ಸಂದಿಯಲ್ಲೂ ಮೊಟ್ಟೆ ಇಡುವುದರಿಂದ ನಾಯಿ ಮಲಗುವ ಜಾಗವನ್ನೂ ಸ್ವಚ್ಛ ಮಾಡಬೇಕು.

ಉಣ್ಣೆ ಇದ್ದ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿದರೆ, ಮೂಗಿನಿಂದ ರಕ್ತ ಬಂದರೆ ಉಣ್ಣೆಯಿಂದ ಹರಡುವ ಜ್ವರವಿರಬಹುದು, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ದುಂಡಗೆ ಕೂದಲು ಉದುರಿದ್ದರೆ ಅಥವಾ ಮನೆಯವರಿಗೂ ತುರಿಕೆ ಹತ್ತಿದರೆ ಹುಳುಕಡ್ಡಿಯೋ ಕಜ್ಜಿಯೋ ಇರಬಹುದು, ಎರಡೂ ಮನುಷ್ಯರಿಗೆ ಅಂಟುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ನಿಮ್ಮ ವೈದ್ಯರಲ್ಲಿಗೋ ಹೋಗುವ ಮುಂಚೆ ಆ ಜಾಗಕ್ಕೆ ಏನನ್ನೂ ಹಚ್ಚಬೇಡಿ. ಚರ್ಮ ಕೆರೆದು ತೆಗೆಯುವ ಮಾದರಿ ಆಗ ಸರಿಯಾಗಿ ಸಿಗುತ್ತದೆ.