ಚಿಲ್ಲರ್ ಟ್ಯಾಂಕಿನ ತರಿತರಿ

ಕೋಲಾರದ ಹತ್ತಿರ ಕೋಳಿ ಮಾಂಸದ ಒಂದು ಘಟಕದಲ್ಲಿ ಕ್ವಾಲಿಟಿ ನೋಡಿಕೊಳ್ಳೋದು ನನ್ನ ಕೆಲಸ. ಕೊಯ್ದ ಕೋಳಿಯನ್ನು ತಣ್ಣೀರಲ್ಲಿ ತಂಪು ಮಾಡುವ ಟ್ಯಾಂಕಿಗೆ ಚಿಲ್ಲರ್ ಅಂತೀವಿ. ಅದರ ಒಳಮೈಯನ್ನು ಹತ್ತಿಕಡ್ಡಿಯಿಂದ ಒರೆಸಿ ಲ್ಯಾಬ್‌ಗೆ ಕಳಿಸೋದು ಸ್ವಾಬ್. ಒಂದು ಬೇಸಿಗೆಯಲ್ಲಿ ಆ ಸ್ವಾಬ್ ರಿಪೋರ್ಟ್ ಮೂರು ವಾರ ಸತತವಾಗಿ ಕೆಟ್ಟು ಬಂತು. ರಾತ್ರಿ ತೊಳೆದು, ಕ್ಲೋರಿನ್ ಹೊಡೆದ ಮೇಲೂ ಲ್ಯಾಬ್ ತಟ್ಟೆಯಲ್ಲಿ ಎಣಿಸಲಾಗದಷ್ಟು ಚುಕ್ಕಿ, ಒಂದೊಂದು ಚುಕ್ಕಿಯೂ ಬೆಳೆದ ಬ್ಯಾಕ್ಟೀರಿಯಾದ ಗುಂಪು.

ಕ್ಲೋರಿನ್ ಜಾಸ್ತಿ ಮಾಡಿದೆವು. ಹುಡುಗರಿಗೆ ಕಣ್ಣು ಉರಿ ಬಂತು, ಅಷ್ಟೇ.

ಕ್ಲೀನಿಂಗ್ ಮಾಡುವ ಅಕ್ಕ ಒಬ್ಬರು ನನ್ನನ್ನು ಕರೆದರು. "ಸಾರ್, ಇಲ್ಲಿ ಕೈ ಆಡಿಸಿ ನೋಡಿ, ತರಿತರಿ ಅನ್ನುತ್ತೆ." ಟ್ಯಾಂಕಿನ ಒಳಗೆ, ನೀರು ನಿಲ್ಲುವ ಮಟ್ಟದ ಕೆಳಗೆ, ವೆಲ್ಡಿಂಗ್ ಗೆರೆಯ ಪಕ್ಕ ಬೆರಳಿಟ್ಟೆ. ಸ್ಟೀಲ್ ನುಣುಪಾಗಿರಬೇಕು, ಅಲ್ವಾ? ಇಲ್ಲಿ ಮರಳು ಕಾಗದ ಮುಟ್ಟಿದ ಹಾಗಿತ್ತು. ಉಗುರಿನಿಂದ ಕೆರೆದರೆ ಬಿಳಿ ಪುಡಿ ಬಂತು. ಅದರ ಕೆಳಗೆ ಜಿಡ್ಡಿನ ಲೋಳೆ.

ನಮ್ಮ ಕಡೆಯ ಬೋರ್ ನೀರು ಗಡುಸು. ಮನೆಯ ಗೀಸರ್ ಕಾಯಿಲ್‌ಗೆ ಕಟ್ಟುವ ಸುಣ್ಣವೇ ಟ್ಯಾಂಕಿಗೂ ಕಟ್ಟಿತ್ತು. ಅದರ ಸಂದುಗಳಲ್ಲಿ ಕೊಬ್ಬು, ರಕ್ತ ಸೇರಿಕೊಂಡು ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತೆ. ಅವು ತಮ್ಮ ಸುತ್ತ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತವೆ. ಕ್ಲೋರಿನ್ ಮೊದಲು ಈ ಕೊಳೆಗೇ ಖರ್ಚಾಗಿಬಿಡುತ್ತೆ. ಕೆಳಗಿನವು ಸುರಕ್ಷಿತ. ಕಾಯಿಲೆ ತರುವ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲೂ ಬೆಳೆಯುತ್ತೆ, ತಣ್ಣಗಿದೆ ಅಂತ ಸುಮ್ನೆ ಇರುವ ಹಾಗಿಲ್ಲ.

ಕೆಲಸದ ಕ್ರಮವನ್ನೇ ಬದಲಾಯಿಸಿದೆವು. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಮಾಂಸದ ಚೂರು, ರಕ್ತ ತೊಳೆಯೋದು. ನೀರು ತುಂಬಾ ಬಿಸಿಯಿದ್ದರೆ ರಕ್ತ ಸ್ಟೀಲಿಗೆ ಬೆಂದು ಅಂಟುತ್ತೆ. ಆಮೇಲೆ ಕ್ಷಾರದ ನೊರೆ ಹಾಕಿ ಬ್ರಷ್‌ನಲ್ಲಿ ಉಜ್ಜೋದು. ಕ್ಲೋರಿನ್ ಕೊನೆಗೆ ಮಾತ್ರ. ವಾರಕ್ಕೊಮ್ಮೆ, ಭಾನುವಾರ, ಸುಣ್ಣ ಕರಗಿಸಲು ಆಸಿಡ್. ಅದನ್ನು ಪೂರ್ತಿ ತೊಳೆಯದೆ ಕ್ಲೋರಿನ್ ಮುಟ್ಟಲೇಬಾರದು, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಎರಡು ಡಬ್ಬಗಳನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿಸಿದ್ದೇನೆ.

ಬ್ರಷ್ ಕೆಲಸಕ್ಕೆ ಪ್ರತಿದಿನ ಮುಕ್ಕಾಲು ಗಂಟೆ ಜಾಸ್ತಿ ಬೇಕಾಯಿತು. ಅದಕ್ಕಾಗಿ ಮ್ಯಾನೇಜ್‌ಮೆಂಟ್ ಜೊತೆ ಜಗಳವನ್ನೇ ಆಡಿದೆ. ಎರಡನೇ ಭಾನುವಾರದ ಆಸಿಡ್ ಆದ ಮೇಲೆ ಅದೇ ವೆಲ್ಡಿಂಗ್ ಗೆರೆಯ ಪಕ್ಕ ಸ್ವಾಬ್ ತೆಗೆದೆ. ತಟ್ಟೆಯಲ್ಲಿ ಒಂಬತ್ತು ಚುಕ್ಕಿ. ತಟ್ಟೆಯನ್ನು ಅಕ್ಕನ ಕೈಗೇ ಕೊಟ್ಟು ಎಣಿಸಲು ಹೇಳಿದೆ.

ಈಗ ನೀರು ತುಂಬುವ ಮೊದಲು ಟ್ಯಾಂಕಿನೊಳಗೆ ಕೈ ಆಡಿಸಿ ನೋಡೋದು ಅವರೇ. ಅವರು ಆಗಲಿ ಅಂದಮೇಲೇ ನಲ್ಲಿ ತಿರುಗೋದು.