ಗೃಹ ಮಂಡಳಿಯ ಚಿಕ್ಕ ಮನೆ: ಮೇಲೆ ಕಟ್ಟುವುದೋ, ಕೆಡವಿ ಕಟ್ಟುವುದೋ, ಬೇರೆ ಕೊಳ್ಳುವುದೋ

ಯಲಹಂಕ ಉಪನಗರ, ಮೈಸೂರಿನ ಹೂಟಗಳ್ಳಿ, ಹುಬ್ಬಳ್ಳಿಯ ನವನಗರ ಮುಂತಾದ ಕಡೆಗಳಲ್ಲಿ ಕರ್ನಾಟಕ ಗೃಹ ಮಂಡಳಿ ಕಡಿಮೆ ಆದಾಯದವರಿಗೆ ಮತ್ತು ಆರ್ಥಿಕವಾಗಿ ದುರ್ಬಲರಾದವರಿಗೆ ಕಟ್ಟಿಕೊಟ್ಟ ಎಲ್‌ಐಜಿ, ಇಡಬ್ಲ್ಯುಎಸ್ ಮನೆಗಳಲ್ಲಿ ಇಂದು ಎರಡನೆಯ ತಲೆಮಾರು ಸಂಸಾರ ನಡೆಸುತ್ತಿದೆ. ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ ಇರುವ ಕಡೆ ಮಗ, ಸೊಸೆ, ಮೊಮ್ಮಕ್ಕಳು ಸೇರಿದಾಗ ಜಾಗ ಸಾಲುವುದಿಲ್ಲ ಎಂಬುದು ನಿಜವಾದ ಕಷ್ಟ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಪರಿಚಯದ ಮೇಸ್ತ್ರಿಯನ್ನು ಕರೆದು ಚದರಕ್ಕೆ (ನೂರು ಚದರಡಿಗೆ) ಎಷ್ಟು ಎಂದು ಕೇಳುವುದು. ನನ್ನ ದೃಷ್ಟಿಯಲ್ಲಿ ಅದು ಕೇಳಬೇಕಾದ ಕೊನೆಯ ಪ್ರಶ್ನೆ. ಹಳೆಯ ಪಾಯ ಎಷ್ಟು ಭಾರ ಹೊರುತ್ತದೆ, ಮನೆಯ ಕಾಗದಪತ್ರ ಏನನ್ನು ಅನುಮತಿಸುತ್ತದೆ ಎಂಬ ಎರಡು ಸಂಗತಿಗಳು ತಿಳಿದ ಮೇಲಷ್ಟೇ ದರದ ಮಾತಿಗೆ ಅರ್ಥವಿದೆ.

ಅದಕ್ಕೂ ಮುನ್ನ, ಕೊರತೆ ಯಾವುದು ಎಂಬುದನ್ನು ಮನೆಯವರೆಲ್ಲರೂ ಕುಳಿತು ಬರೆದಿಡುವುದು ಒಳ್ಳೆಯದು. ಇನ್ನೊಂದು ಕೋಣೆ ಮತ್ತು ಬಚ್ಚಲು ಸಾಕಾದರೆ ವಿಸ್ತರಣೆಯ ದಾರಿ ತೆರೆದಿದೆ. ಕಾರು ನಿಲ್ಲಿಸುವ ಜಾಗ, ವಯಸ್ಸಾದವರಿಗೆ ನೆಲಮಹಡಿಯಲ್ಲೇ ಎರಡು ಕೋಣೆ, ಬಾಡಿಗೆಗೊಂದು ಭಾಗ ಎಲ್ಲವೂ ಬೇಕಾದರೆ 20x30 ಅಡಿಯ ನಿವೇಶನದಲ್ಲಿ ಅವು ಹಿಡಿಸುವುದಿಲ್ಲ.

ಈಗ ಪಾಯದ ವಿಷಯ. ಗೋಡೆಯ ಪಕ್ಕದಲ್ಲಿ, ಮೂಲೆಯಿಂದ ಸ್ವಲ್ಪ ದೂರ ಬಿಟ್ಟು, ಒಬ್ಬ ಮನುಷ್ಯ ಇಳಿದು ನೋಡುವಷ್ಟು ಅಗಲದ ಒಂದು ಗುಂಡಿ ತೆಗೆಸಬೇಕು. ಸೈಜುಗಲ್ಲಿನ ಎಷ್ಟು ವರಸೆಗಳಿವೆ, ಅವುಗಳ ನಡುವೆ ಇರುವುದು ಸಿಮೆಂಟ್ ಗಾರೆಯೋ ಮಣ್ಣೋ, ಅಡಿಯಲ್ಲಿ ಕಾಂಕ್ರೀಟಿನ ಹಾಸು ಇದೆಯೋ, ಪಾಯ ಗಟ್ಟಿ ನೆಲವನ್ನು ಮುಟ್ಟಿದೆಯೋ ಅಥವಾ ತುಂಬಿದ ಮಣ್ಣಿನ ಮೇಲೆ ನಿಂತಿದೆಯೋ ಎಂಬುದೆಲ್ಲ ಅಲ್ಲಿ ಕಣ್ಣಿಗೇ ಕಾಣುತ್ತದೆ. ಕಬ್ಬಿಣದ ಸರಳಿನಿಂದ ಗಾರೆಯನ್ನು ಕೆರೆದಾಗ ಅದು ಪುಡಿಪುಡಿಯಾಗಿ ಉದುರಿದರೆ ಆ ಗೋಡೆಯ ಮೇಲೆ ಮತ್ತೊಂದು ಮಹಡಿಯನ್ನು ಹೊರಿಸುವ ಯೋಚನೆಯನ್ನು ಅಲ್ಲಿಗೇ ಬಿಡಬೇಕು. ಈ ಗುಂಡಿಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಸ್ವತಃ ಬಂದು ನೋಡಬೇಕು. ಅವರಿಗೆ ಕೊಡುವ ಶುಲ್ಕ ಇಡೀ ಕೆಲಸದಲ್ಲಿ ಅತ್ಯಂತ ಸದುಪಯೋಗವಾಗುವ ಹಣ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಸೀಮೆಯ ಎರೆಮಣ್ಣಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ, ಹಳೆಯ ಮನೆಗೆ ಅಂಟಿಸಿ ಕಟ್ಟಿದ ಹೊಸ ಕೋಣೆ ಬೇರೆ ಪ್ರಮಾಣದಲ್ಲಿ ಕುಸಿದು, ಎರಡೂ ಸೇರುವ ಗೆರೆಯಲ್ಲೇ ಬಿರುಕು ಬಿಡುತ್ತದೆ. ಅಂಥಲ್ಲಿ ಹೊಸ ಭಾಗಕ್ಕೆ ತನ್ನದೇ ಪಾಯ ಕೊಟ್ಟು, ಹಳೆಯ ಗೋಡೆಗೂ ಹೊಸದಕ್ಕೂ ನಡುವೆ ಸಂದು ಬಿಟ್ಟು ಕಟ್ಟುವುದೇ ಸರಿಯಾದ ಕ್ರಮ.

ಗೋಡೆಯ ಬಿರುಕುಗಳೂ ಮಾತಾಡುತ್ತವೆ. ಛಾವಣಿಯ ಕೆಳಗೆ ಅಡ್ಡಕ್ಕೆ ಉದ್ದವಾಗಿ ಹೋದ ಬಿರುಕು ಸಾಮಾನ್ಯವಾಗಿ ಬಿಸಿಲಿಗೆ ಆರ್‌ಸಿಸಿ ಹಿಗ್ಗುವುದರಿಂದ ಬಂದದ್ದು, ಅದಕ್ಕೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಮಾತ್ರ ಪಾಯ ಕುಸಿದಿರುವುದರ ಸೂಚನೆಯಾಗಿರಬಹುದು. ಅದರ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ, ದಿನಾಂಕ ಬರೆದು, ಒಂದು ಮಳೆಗಾಲ ಕಾಯಬೇಕು. ಗಾಜು ಒಡೆದರೆ ಮನೆ ಇನ್ನೂ ಅಲುಗಾಡುತ್ತಿದೆ ಎಂದೇ ಅರ್ಥ.

ಕಾಲಂ ಹಾಕಿ ಕಟ್ಟಿದ ಮನೆಯಾದರೆ ಮುಂದಿನ ಮಹಡಿಗೆಂದು ತಾರಸಿಯ ಮೇಲೆ ಕಂಬಿಗಳನ್ನು ಬಿಟ್ಟಿರುತ್ತಾರೆ. ಅವು ವರ್ಷಗಟ್ಟಲೆ ಮಳೆಗೆ ನೆನೆದು ತುಕ್ಕು ಹಿಡಿದಿರುತ್ತವೆ. ತಂತಿಯ ಬ್ರಷ್‌ನಿಂದ ಉಜ್ಜಿ, ಸಿಪ್ಪೆಯೇಳುವ ತುಕ್ಕನ್ನೆಲ್ಲ ತೆಗೆದು, ಉಳಿದ ದಪ್ಪವನ್ನು ಅಳೆದು ನೋಡಬೇಕು. 12 ಮಿ.ಮೀ. ಕಂಬಿಗೆ ಹೊಸ ಕಂಬಿಯನ್ನು ಜೋಡಿಸಲು ಸುಮಾರು 2 ಅಡಿ ಒಳ್ಳೆಯ ಉದ್ದ ಬೇಕು. ಅಷ್ಟಿಲ್ಲದಿದ್ದರೆ ಎಂಜಿನಿಯರ್ ಬೇರೆ ವಿಧಾನ ಸೂಚಿಸಬೇಕಾಗುತ್ತದೆ. ಸಾಲುಮನೆಗಳಲ್ಲಿ ಇನ್ನೊಂದು ತೊಡಕಿದೆ. ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆಯಿದ್ದರೆ ಅದರ ಮೇಲೆ ಭಾರ ಹಾಕುವ ಹಕ್ಕು ನಿಮಗೊಬ್ಬರಿಗೇ ಇರುವುದಿಲ್ಲ. ನೆರೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು, ಇಲ್ಲವೇ ಆ ಗೋಡೆಯನ್ನು ಮುಟ್ಟದಂತೆ ನಿಮ್ಮ ಕಡೆಯಲ್ಲೇ ಹೊಸ ಕಾಲಂಗಳನ್ನು ನಿಲ್ಲಿಸಬೇಕು.

ಮಹಡಿಯ ಲೆಕ್ಕದಲ್ಲಿ ಜನ ಮರೆಯುವುದು ಮೆಟ್ಟಿಲನ್ನು. ಹತ್ತು ಅಡಿ ಎತ್ತರಕ್ಕೆ ತಲಾ 6 ಇಂಚಿನ 20 ಏರುಗಳು ಬೇಕು. ಮೂರು ಅಡಿ ಅಗಲದಲ್ಲಿ, ನಡುವೆ ತಿರುವು ಕೊಟ್ಟು ಕಟ್ಟಿದರೂ ಅದು ಸುಮಾರು 70 ಚದರಡಿ ನುಂಗುತ್ತದೆ. 600 ಚದರಡಿಯ ನಿವೇಶನದಲ್ಲಿ ಅದು ಒಂದು ಚಿಕ್ಕ ಕೋಣೆಯಷ್ಟು ಜಾಗ. ಹೊರಗೆ ಕಟ್ಟೋಣವೆಂದರೆ ಸುತ್ತ ಬಿಡಲೇಬೇಕಾದ ಖಾಲಿ ಜಾಗಕ್ಕೆ ಅದು ಚಾಚಿಕೊಳ್ಳುತ್ತದೆ.

ಕಾಗದಪತ್ರದಲ್ಲಿ ಮೊದಲು ನೋಡಬೇಕಾದದ್ದು ಗೃಹ ಮಂಡಳಿಯಿಂದ ಶುದ್ಧ ಕ್ರಯಪತ್ರ ಆಗಿದೆಯೇ ಎಂಬುದು. ಕಂತು ತೀರಿ ಎಷ್ಟೋ ವರ್ಷಗಳಾದರೂ ಲೀಸ್ ಕಂ ಸೇಲ್ (ಮೊದಲು ಗುತ್ತಿಗೆ, ಕಂತು ತೀರಿದ ಮೇಲೆ ಮಾರಾಟ) ಕರಾರಿನಲ್ಲೇ ಉಳಿದುಬಿಟ್ಟ ಮನೆಗಳಿವೆ. ಕ್ರಯಪತ್ರವಿಲ್ಲದೆ ಸಾಲವೂ ಕಷ್ಟ, ಮಾರಾಟವೂ ಕಷ್ಟ. ಬಳಿಕ ಇ-ಖಾತಾ, ಋಣಭಾರ ಪತ್ರ, ಈವರೆಗಿನ ಕಂದಾಯದ ರಸೀದಿ, ಸ್ಥಳೀಯ ಸಂಸ್ಥೆಯಿಂದ ಹೊಸ ನಕ್ಷೆಗೆ ಮಂಜೂರಾತಿ. ಒಂದೇ ಕೋಣೆ ತಾನೆ ಎಂದು ನಕ್ಷೆಯಿಲ್ಲದೆ ಕಟ್ಟುವವರಿಗೆ ಒಂದು ಮಾತು ಹೇಳಲೇಬೇಕು: 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡುವ ಮುನ್ನ ಸ್ವಾಧೀನಾನುಭವ ಪತ್ರವನ್ನು, ಅಂದರೆ ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರವನ್ನು, ಪರಿಶೀಲಿಸಬೇಕು. ಅನಧಿಕೃತವಾಗಿ ಕಟ್ಟಿದ ಭಾಗ ನಿಮ್ಮ ಮನೆಯ ಬೆಲೆಯನ್ನು ಹೆಚ್ಚಿಸುವ ಬದಲು ಕೊಳ್ಳುವವರನ್ನೇ ದೂರ ಮಾಡಬಹುದು.

ಇಷ್ಟಾದ ಮೇಲೆ ಹಣ. ಐದು ಚದರ, ಅಂದರೆ 500 ಚದರಡಿ, ಚದರಕ್ಕೆ 2.2 ಲಕ್ಷ ರೂಪಾಯಿಯಂತೆ 11 ಲಕ್ಷವಾಗುತ್ತದೆ ಎಂದಿಟ್ಟುಕೊಳ್ಳೋಣ. ಮೆಟ್ಟಿಲು, ನೀರಿನ ಟ್ಯಾಂಕ್, ವೈರಿಂಗ್ ಬದಲಾವಣೆ, ಕೆಲಸ ಮುಗಿಯುವವರೆಗೆ ಬೇರೆ ಮನೆಯ ಬಾಡಿಗೆ ಸೇರಿ ಅದು 14 ಲಕ್ಷ ಮುಟ್ಟಿದರೆ ಆಶ್ಚರ್ಯವಿಲ್ಲ. ಅದರಲ್ಲಿ 10 ಲಕ್ಷವನ್ನು ಶೇ 8.5ರ ಬಡ್ಡಿಯಲ್ಲಿ 15 ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 9,850 ರೂಪಾಯಿ. ಅದೇ 80 ಲಕ್ಷದ ಮನೆಯನ್ನು ಕೊಳ್ಳುವುದಾದರೆ ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 80 ಮಿತಿ. 64 ಲಕ್ಷ ಸಾಲ, 16 ಲಕ್ಷ ಸ್ವಂತ ಹಣ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ ಶೇ 2ರ ನೋಂದಣಿ ಶುಲ್ಕ ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ 7.6, ಅಂದರೆ 6 ಲಕ್ಷಕ್ಕೂ ಹೆಚ್ಚು. ಇದನ್ನು ಬ್ಯಾಂಕ್ ಸಾಲದಲ್ಲಿ ಸೇರಿಸುವುದಿಲ್ಲವಾದ್ದರಿಂದ ಕೈಯಲ್ಲಿ 22 ಲಕ್ಷ ಇರಬೇಕು. 20 ವರ್ಷದ ಕಂತು ತಿಂಗಳಿಗೆ 55,000 ದಾಟುತ್ತದೆ. ಪಾಯ ಗಟ್ಟಿಯಿದ್ದು, ಕೊರತೆ ಎರಡು ಕೋಣೆಯಷ್ಟೇ ಆದವರು ಈ ಹೊರೆಯನ್ನು ಹೊರುವುದು ಬೇಡ ಎಂದು ನಾನು ಒತ್ತಿ ಹೇಳುತ್ತೇನೆ.

ಪಾಯ ದುರ್ಬಲವಾಗಿದ್ದು ಬಡಾವಣೆಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಕೆಡವಿ ಕಟ್ಟುವುದು ಉತ್ತಮ. ಹಳೆಯ ಸೈಜುಗಲ್ಲು, ಬಾಗಿಲು, ಕಿಟಕಿಗಳನ್ನು ಮತ್ತೆ ಬಳಸಬಹುದು. ಆದರೆ ಹಳೆಯ ಮನೆ ಗಡಿಯವರೆಗೆ ಚಾಚಿದ್ದರೂ ಹೊಸ ಕಟ್ಟಡಕ್ಕೆ ಇಂದಿನ ನಿಯಮವೇ ಅನ್ವಯಿಸುವುದರಿಂದ ನೆಲಮಹಡಿ ಈಗಿನದಕ್ಕಿಂತ ಕಿರಿದಾಗಬಹುದು. ಕೆಡವುವ ಮೊದಲೇ ನಕ್ಷೆ ಮಂಜೂರಾಗಿ ಕೈಗೆ ಬಂದಿರಬೇಕು.

ಮಾರಿ ಹೊಸದನ್ನು ಕೊಳ್ಳಲು ನಿರ್ಧರಿಸಿದವರು ತೆರಿಗೆಯ ಗಡುವನ್ನು ಗಮನಿಸಬೇಕು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸ್ವಂತದ್ದಾಗಿದ್ದ ಮನೆಯ ಮಾರಾಟದ ಲಾಭಕ್ಕೆ ವಿನಾಯಿತಿ ಬೇಕಾದರೆ, ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿ ಮುಗಿಸಬೇಕು. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಬಳಸದೆ ಉಳಿದ ಲಾಭದ ಹಣವನ್ನು, ಇದಕ್ಕೆಂದೇ ಇರುವ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಹಿಂದೆ ಯಾವಾಗಲಾದರೂ ಮನೆಯನ್ನು ವಿಸ್ತರಿಸಿದ್ದರೆ ಆ ಖರ್ಚನ್ನು ಮನೆಯ ಮೂಲ ಬೆಲೆಗೆ ಸೇರಿಸಿಕೊಳ್ಳಬಹುದು; ಆದ್ದರಿಂದ ಇಂದು ಒಂದೇ ಕೋಣೆ ಕಟ್ಟಿಸುವವರೂ ಸಿಮೆಂಟ್, ಕಂಬಿ, ಕೂಲಿಯ ಬಿಲ್ಲು ಮತ್ತು ಪಾವತಿಯ ದಾಖಲೆಗಳನ್ನು ಕ್ರಯಪತ್ರದ ಜೊತೆಯಲ್ಲೇ ಇಟ್ಟುಕೊಳ್ಳಬೇಕು.